ಸ್ಪೇರ್ ಡ್ಯೂಟಿ

ಒಂದು ಮನೆಯ ಚರಿತ್ರೆಯಲ್ಲಿ ಯುಗ ಬದಲಾಗುವ ಗಳಿಗೆಗಳು ಹೆಚ್ಚಿರುವುದಿಲ್ಲ. ಅಂಥದೊಂದು ಗಳಿಗೆ ಈ ಮನೆಯಲ್ಲಿ ಸೋಮವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಒದಗಿ ಬಂತೆಂಬುದನ್ನು ತಕ್ಕ ಗಾಂಭೀರ್ಯದಿಂದ ಇಲ್ಲಿ ದಾಖಲಿಸಬೇಕಾಗಿದೆ: ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆಯನ್ನು ಅಂಟಿಸಲಾಯಿತು. ಹಾಳೆಯ ಮೇಲೆ ಉದ್ದಗೆರೆ, ಅಡ್ಡಗೆರೆಗಳನ್ನು ಸ್ಕೇಲಿಟ್ಟು ಎಳೆದಿತ್ತು. ಹಾಲು ತೆಗೆಯಲು ಬಗ್ಗಿದ ಹೆಂಡತಿಯ ಮೂಗಿಗೆ ಅದರ ಅಂಚು ತಾಗಿತು.

"ಏನ್ರೀ ಇದು?"

"ಡ್ಯೂಟಿ ಚಾರ್ಟು. ಓದಿ ಸಹಿ ಹಾಕು. ಪೆನ್ನಿಗೆ ದಾರ ಕಟ್ಟಿ ಅಲ್ಲೇ ನೇತುಹಾಕಿದೀನಿ."

ಗಂಡ ಬಸ್ ಡಿಪೋದಲ್ಲಿ ಡ್ಯೂಟಿ ಹಂಚುವ ಸೂಪರ್‌ವೈಸರ್. ಕಂಡಕ್ಟರಾಗಿ ಸೇರಿ, ಮಂಡಿ ಸವೆದ ಮೇಲೆ ಕುರ್ಚಿ ಹಿಡಿದವರು. ಯಾವ ಡ್ರೈವರಿಗೆ ಯಾವ ಬಸ್ಸು, ಯಾವ ಕಂಡಕ್ಟರಿಗೆ ಯಾವತ್ತು ರಜೆ ಎಂದು ಇಪ್ಪತ್ತೆರಡು ವರ್ಷ ಬರೆದೂ ಬರೆದೂ ಡಿಪೋದವರ ಬಾಯಲ್ಲಿ ಚಾರ್ಟ್ ಸಾಹೇಬರಾಗಿದ್ದರು. ನಿವೃತ್ತಿಗೆ ಇನ್ನು ಆರು ವಾರವಿತ್ತು. ಹಿಂದಿನ ವಾರ ಡಿಪೋ ಅವರನ್ನು ಮೂರು ದಿನದ ತರಬೇತಿಗೆ ಕಳುಹಿಸಿತ್ತು.

ಅಲ್ಲಿ ಪಾಠ ಹೇಳಿದವಳು ಮೂವತ್ತು ದಾಟದ ಹುಡುಗಿ. ಮುಪ್ಪನ್ನು ಕುರಿತು ಧೈರ್ಯವಾಗಿ ಮಾತಾಡಲು ಅದರಿಂದ ಅಷ್ಟು ದೂರವಿದ್ದವರೇ ಆಗಬೇಕೇನೋ. ಅವಳ ಪ್ರಕಾರ ನಿವೃತ್ತ ಜೀವನಕ್ಕೆ ಪಂಡಿತರು ಮೂರು ಸಿದ್ಧಾಂತ ಮಾಡಿಟ್ಟಿದ್ದಾರೆ. ಒಂದು, ಮನುಷ್ಯ ತಾನಾಗಿಯೇ ಮೆಲ್ಲಗೆ ಹಿಂದೆ ಸರಿದು ಉಳಿದವರಿಗೆ ಜಾಗ ಬಿಡುವುದು. ಎರಡು, ಸರಿಯದೆ, ಹೋದ ಕೆಲಸದ ಜಾಗಕ್ಕೆ ಹತ್ತು ಹೊಸ ಕೆಲಸ ತುಂಬಿಕೊಂಡು ಓಡಾಡುತ್ತಿರುವುದು. ಮೂರು, ಇಷ್ಟು ದಿನ ಏನಾಗಿದ್ದನೋ ಅದನ್ನೇ ಬೇರೆ ಕಡೆ ಮುಂದುವರಿಸುವುದು. ನಿಮಗೆ ಒಗ್ಗುವುದೊಂದನ್ನು ಆರಿಸಿಕೊಳ್ಳಿ ಎಂದಳು. ಚಾರ್ಟ್ ಸಾಹೇಬರು ಮೂರನ್ನೂ ಬರೆದುಕೊಂಡರು. ಬಾಕಿ ಉಳಿದ ರಜೆ ಬೇಕಾದಷ್ಟಿತ್ತು. ವಾರಕ್ಕೆರಡು ದಿನ ಮನೆಯಲ್ಲಿದ್ದು ಸಿದ್ಧಾಂತಗಳ ಟ್ರಯಲ್ ರನ್ ಮಾಡುವುದೆಂದು ನಿಶ್ಚಯಿಸಿದರು. ಚಾರ್ಟು ಮೂರನೆಯ ಸಿದ್ಧಾಂತದ ಫಲ.

ಹೆಂಡತಿಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಾರೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಇಪ್ಪತ್ತಾರು ವರ್ಷವಾಗಿದೆ. ಅಳತೆ ಟೇಪು ಕೊರಳಲ್ಲೇ ಇತ್ತು. ಹಾಲಿನ ಪಾತ್ರೆ ಹಿಡಿದುಕೊಂಡೇ ಚಾರ್ಟ್ ಓದಿದಳು. ಒಂದನೇ ತಾರೀಖಿನಿಂದ ಜಾರಿ. ಗಂಡನ ಹೆಸರಿನ ಮುಂದೆ ನಡಿಗೆ, ವಾಚನಾಲಯ, ಮರಗೆಲಸದ ಕ್ಲಾಸು, ವಿಶ್ರಾಂತಿ, ನಿವೃತ್ತರ ಸಂಘ. ಮಗಳಿಗೆ ಜನರಲ್ ಶಿಫ್ಟು. ಅತ್ತೆಯ ಹೆಸರಿನ ಮುಂದೆ "ಪ್ಯಾಸೆಂಜರ್". ತನ್ನ ಹೆಸರಿನ ಮುಂದೆ ಉದ್ದಕ್ಕೂ, ಸೋಮವಾರದಿಂದ ಭಾನುವಾರದ ತನಕ, ಒಂದೇ ಪದ.

"ಸ್ಪೇರ್ ಅಂದ್ರೆ?"

"ಸ್ಪೇರ್ ಅಂದ್ರೆ ದೊಡ್ಡ ಗೌರವ ಕಣೇ. ಎಲ್ಲಾ ರೂಟೂ ಗೊತ್ತಿರೋರನ್ನೇ ಸ್ಪೇರ್‌ಗೆ ಹಾಕೋದು. ಯಾರಾದ್ರೂ ಬರ್ಲಿಲ್ಲ ಅಂದ್ರೆ ಆ ಗಾಡಿ ಹತ್ತಬೇಕು. ಅಲ್ಲೀತನಕ ಡಿಪೋದಲ್ಲಿ ಕೂತಿರಬೇಕು."

"ನಮ್ಮಲ್ಲಿ ಸ್ಪೇರ್ ಅಂದ್ರೆ ಕಟಿಂಗ್ ಆದ್ಮೇಲೆ ಉಳಿಯೋ ಚಿಂದಿ. ಅದಿರ್ಲಿ, ಈ ಗೌರವಕ್ಕೆ ರಜೆ ಯಾವತ್ತು?"

"ಸ್ಪೇರ್‌ಗೆ ರಜೆ ಇರಲ್ಲ. ಕೆಲಸಾನೇ ಇರಲ್ವಲ್ಲ, ರಜೆ ಯಾಕೆ?"

ಟೈಲರಮ್ಮ ಪಾತ್ರೆಯನ್ನು ಒಲೆಯ ಮೇಲಿಟ್ಟಳು. "ಹಾಗಾದ್ರೆ ಈ ಹಾಲು ಕಾಯಿಸ್ತಿರೋದು ಯಾರು?"

"ಅದು ಡ್ಯೂಟಿ ಅಲ್ಲ. ಅದು ಮನೆ."

ಸಹಿ ಬೀಳಲಿಲ್ಲ. ದಾರ ಕಟ್ಟಿದ ಪೆನ್ನು ಅವತ್ತಿಡೀ ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಟಕಟಕ ಬಡಿಯುತ್ತಿತ್ತು.

ಚಾರ್ಟ್ ಸಾಹೇಬರಿಗೆ ತಿಳಿಯದ ಸಂಗತಿಯೊಂದಿತ್ತು. ಹೊಲಿಗೆ ಕೋಣೆಯ ಕಪಾಟಿನಲ್ಲಿ, ಪೇಪರ್ ಪ್ಯಾಟರ್ನುಗಳ ಸುರುಳಿಯೊಳಗೆ, ಊರಾಚೆಯ ಹೊಲಿಗೆ ತರಬೇತಿ ಕೇಂದ್ರದ ಪತ್ರವಿತ್ತು. ಕಟಿಂಗ್ ಕಲಿಸಲು ಟೀಚರ್ ಬೇಕು, ಒಂಬತ್ತರಿಂದ ನಾಲ್ಕು, ಮುಂದಿನ ತಿಂಗಳಾಚೆಯ ಒಂದನೇ ತಾರೀಖಿನಿಂದ. ಒಪ್ಪಿಗೆಯನ್ನು ಮುಂದಿನ ತಿಂಗಳ ಇಪ್ಪತ್ತನೇ ತಾರೀಖಿನೊಳಗೆ ತಿಳಿಸಬೇಕು. ಎರಡು ವರ್ಷದ ಹಿಂದೆಯೂ ಹೀಗೇ ಕರೆದಿದ್ದರು. ಆಗ ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಟೈಲರಮ್ಮ ಆಗಲ್ಲ ಎಂದು ಫೋನು ಮಾಡಿ, ಯಂತ್ರದ ಮುಂದೆ ಕೂತು ಯಾರದೋ ಪರದೆಗಳನ್ನು ಹೊಲಿದಿದ್ದಳು. ಕೇಂದ್ರದ ಮುಖ್ಯಸ್ಥೆ ಈ ಸಲ ಫೋನಿನಲ್ಲಿ ನೇರವಾಗಿಯೇ ಹೇಳಿದ್ದರು: "ಮೇಡಮ್, ನಿಮಗೀಗ ಐವತ್ತನಾಲ್ಕು. ಐವತ್ತೈದಾದ ಮೇಲೆ ಹೊಸದಾಗಿ ತಗೊಳ್ಳೋ ಹಾಗಿಲ್ಲ. ಇದೇ ಕೊನೇದು."

ಪತ್ರದ ವಿಷಯ ಮಗಳೊಬ್ಬಳಿಗೆ ಗೊತ್ತಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು.

"ಅಪ್ಪಂಗೆ ಹೇಳಮ್ಮ."

"ಹೇಳ್ತೀನಿ. ಒಂದೊಂದೇ ಸಿದ್ಧಾಂತ ಮುಗೀಲಿ."

ಮೊದಲ ವಾರ ಹಿಂದೆ ಸರಿಯುವ ಸಿದ್ಧಾಂತ. ರಜೆಯ ಎರಡೂ ದಿನ ಚಾರ್ಟ್ ಸಾಹೇಬರು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಕೈ ಕಟ್ಟಿ, ಮುಖದಲ್ಲಿ ಒಂದು ಬಗೆಯ ಶಾಂತಿ ತಂದುಕೊಂಡು ಕೂತರು.

"ಏನ್ರೀ, ನಲ್ಲಿ ಸೋರ್ತಿದೆ."

"ನೀನೇ ನೋಡಿ ತೀರ್ಮಾನ ಮಾಡು. ನಾನು ನಿಧಾನಕ್ಕೆ ಹಿಂದೆ ಸರೀತಾ ಇದೀನಿ."

ಒಳಕೋಣೆಯ ಮಂಚದಿಂದ ಸಾಹೇಬರ ತಾಯಿ ಅಜ್ಜಿಯ ದನಿ ಬಂತು. ಎಂಬತ್ತಮೂರಾದರೂ ಅವರ ಕಿವಿಗೆ ಏನೂ ಆಗಿರಲಿಲ್ಲ. "ಇವನು ಯಾವತ್ತು ಮುಂದೆ ಬಂದಿದ್ದ, ಈಗ ಹಿಂದೆ ಸರಿಯೋಕೆ?"

ಎರಡನೆಯ ವಾರ ಚಟುವಟಿಕೆ. ಮರಗೆಲಸದ ಕ್ಲಾಸಿಗೆ ಸೇರಿ, ಹಲಗೆ, ಗರಗಸ, ಉಜ್ಜುವ ಕಾಗದ ತಂದು ಹೊಲಿಗೆ ಕೋಣೆಯಲ್ಲಿ ಇಳಿಸಿದರು. ಬೆಳಕು ಚೆನ್ನಾಗಿದ್ದದ್ದು ಅಲ್ಲಿಯೇ. ಸಂಜೆಯ ಹೊತ್ತಿಗೆ ಮೂರು ಕಾಲು ನೆಲಕ್ಕೆ ತಾಗುವ ಒಂದು ಸ್ಟೂಲು ಸಿದ್ಧವಾಯಿತು. ನಾಲ್ಕನೆಯ ಕಾಲು ಯಾವುದರ ಸಹವಾಸಕ್ಕೂ ಬಾರದೆ ಗಾಳಿಯಲ್ಲಿ ಉಳಿಯಿತು. ಗಿರಾಕಿಯೊಬ್ಬಳ ಬಿಳಿ ಕೋಟಿನ ಮೇಲೆ ಮರದ ಪುಡಿ ಹಿಟ್ಟಿನಂತೆ ಕೂತಿತ್ತು.

ಟೈಲರಮ್ಮ ಕೋಟನ್ನು ಕೊಡವಲಿಲ್ಲ. ಹಾಗೇ ಎತ್ತಿ ಗಂಡನ ಮುಂದೆ ಹಿಡಿದಳು. "ಇದು ಯಾವ ಸಿದ್ಧಾಂತ?"

"ಒಗೆದ್ರೆ ಹೋಗುತ್ತೆ."

"ಯಾರು ಒಗೆದ್ರೆ?"

"ಎಲ್ಲದಕ್ಕೂ ಯಾರು ಯಾರು ಅಂತೀಯಲ್ಲ ಇತ್ತೀಚೆಗೆ!"

"ಇತ್ತೀಚೆಗಲ್ಲ. ನಿಮಗೆ ಇತ್ತೀಚೆಗೆ ಕೇಳಿಸ್ತಿದೆ."

ಕೋಟು ಒಗೆದದ್ದು ಟೈಲರಮ್ಮನೇ. ಹಲಗೆಗಳು ಎರಡು ದಿನ ಹೊರಬಾಗಿಲ ಬಳಿ ಬಿದ್ದಿದ್ದು, ಆಮೇಲೆ ತರಗತಿಗೆ ವಾಪಸ್ಸಾದವು. ಚಾರ್ಟಿನಲ್ಲಿ ಮರಗೆಲಸದ ಜಾಗಕ್ಕೆ "ಹಾಡುಗಾರಿಕೆ" ಎಂದು ಬಂತು. ಮಗಳು ಅದನ್ನು ಓದಿ ತನ್ನ ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋದಳು.

ಮೂರನೆಯ ಭಾನುವಾರ, ಮಧ್ಯಾಹ್ನದ ಊಟಕ್ಕೆ ಕೂತಾಗ ಟೈಲರಮ್ಮ ಪತ್ರ ತಂದು ಮೇಜಿನ ಮೇಲೆ, ಬೇಯಿಸಿದ ಆಲೂಗಡ್ಡೆಯ ಬಟ್ಟಲಿನ ಪಕ್ಕ ಇಟ್ಟಳು. ಅಜ್ಜಿಯೂ ವಾಕರ್ ಹಿಡಿದು ಬಂದು ಕೂತಿದ್ದರು. ಭಾನುವಾರ ಮಾತ್ರ ಅವರು ಮೇಜಿಗೆ ಬರುವುದು.

"ಒಂದನೇ ತಾರೀಖಿಂದ ನಾನು ಕೆಲಸಕ್ಕೆ ಹೋಗ್ತೀನಿ."

ಚಾರ್ಟ್ ಸಾಹೇಬರು ಪತ್ರ ಓದಿದರು. ಮೊದಲು ತಾರೀಖು, ಆಮೇಲೆ ವೇಳೆ, ಕೊನೆಗೆ ವಿಷಯ. ಅವರು ಓದುವ ಕ್ರಮವೇ ಹಾಗೆ.

"ಈ ವಯಸ್ಸಲ್ಲಾ? ನಾನು ಕೆಲಸ ಬಿಡೋ ದಿನ ನೀನು ಸೇರ್ತೀಯಾ?"

"ನೀವು ಬಿಡ್ತೀರ ಅಂತಾನೇ ಸೇರ್ತಿರೋದು. ಮನೇಲಿ ಒಬ್ಬರು ಇರ್ತಾರಲ್ಲ."

"ಚಾರ್ಟಲ್ಲಿ ಇಲ್ವಲ್ಲ ಇದು."

"ಇದೆ. ಸ್ಪೇರ್‌ನವರು ಯಾವ ರೂಟ್ ಸಿಕ್ಕಿದ್ರೂ ಹತ್ತಬೇಕು ಅಂದ್ರಲ್ಲ. ಸಿಕ್ಕಿದೆ ಒಂದು ರೂಟು. ಹತ್ತುತ್ತೀನಿ."

ಮಗಳು ನಕ್ಕಳು. ತಂದೆ ಅವಳತ್ತ ತಿರುಗಿದೊಡನೆ ಆಲೂಗಡ್ಡೆ ನುಂಗಿದಳು.

"ನಗೋ ವಿಷಯ ಅಲ್ಲ. ಮಧ್ಯಾಹ್ನ ಅಮ್ಮಂಗೆ ಊಟ ಯಾರು ಕೊಡ್ತಾರೆ? ಮಾತ್ರೆ?"

"ನೀವು."

"ಊಟ ಕೊಡ್ತೀನಿ, ಮಾತ್ರೇನೂ ಕೊಡ್ತೀನಿ. ಆಮೇಲೆ..." ಅವರು ಅಲ್ಲಿಗೇ ನಿಲ್ಲಿಸಿದರು.

ಆಮೇಲಿನದು ಎಲ್ಲರಿಗೂ ಗೊತ್ತಿತ್ತು. ಸೊಂಟ ಮುರಿದಾಗಿನಿಂದ ಅಜ್ಜಿಯನ್ನು ಬಚ್ಚಲಿಗೆ ಕರೆದೊಯ್ಯಲು, ಕೂರಿಸಲು, ಎಬ್ಬಿಸಲು ಒಬ್ಬರು ಜೊತೆಗೆ ಬೇಕು. ಎರಡು ವರ್ಷದಿಂದ ಆ ಒಬ್ಬರು ಸೊಸೆಯೇ. ಸಂಬಳದ ಹೆಂಗಸರನ್ನು ಎರಡು ಬಾರಿ ಇಟ್ಟು ನೋಡಿದ್ದರು. ಒಬ್ಬಳ ಕೈ ತಣ್ಣಗಿದೆಯೆಂದು, ಇನ್ನೊಬ್ಬಳು ನಿಟ್ಟುಸಿರು ಬಿಡುತ್ತಾಳೆಂದು ಅಜ್ಜಿ ಓಡಿಸಿದ್ದರು.

"ನನ್ನ ವಿಷಯ ನನ್ನ ಎದುರಿಗೇ ಮಾತಾಡ್ತಿದೀರಲ್ಲ, ಸಂತೋಷ," ಎಂದರು ಅಜ್ಜಿ. "ನಾನೂ ಹೇಳಿಬಿಡ್ತೀನಿ. ಗಂಡು ಮಗನ ಕೈ ಹಿಡಿದು ಬಚ್ಚಲಿಗೆ ಹೋಗೋಳಲ್ಲ ನಾನು. ಹೋಗಲ್ಲ ಅಂದ್ರೆ ಹೋಗಲ್ಲ."

"ಅತ್ತೆ, ಅವರು ಚಿಕ್ಕವರಿದ್ದಾಗ ನೀವು..."

"ಅವನು ಚಿಕ್ಕವನಿದ್ದ. ನಾನು ಚಿಕ್ಕವಳಲ್ಲ."

ಚಾರ್ಟ್ ಸಾಹೇಬರ ಮುಖದಲ್ಲಿ ಬಿಡುಗಡೆಯಂಥದ್ದೊಂದು ಮೂಡಿತು. ಅದನ್ನು ಅಡಗಿಸುವಷ್ಟು ಅವರು ಜಾಣರಲ್ಲ. "ನೋಡಿದ್ಯಾ. ನಾನೇನು ಬೇಡ ಅಂದ್ನಾ? ಅಮ್ಮಾನೇ ಒಪ್ತಿಲ್ಲ."

ಟೈಲರಮ್ಮ ಪತ್ರವನ್ನು ಮಡಚಿದಳು. "ಹೌದು. ನೀವು ಯಾವತ್ತೂ ಬೇಡ ಅಂದಿಲ್ಲ. ನಿಮಗೆ ಬೇಡ ಅನ್ನೋ ಕಷ್ಟಾನೇ ಯಾರೂ ಕೊಟ್ಟಿಲ್ಲ."

ಅಂದಿನಿಂದ ಆ ಮನೆಯಲ್ಲಿ ಪಾತ್ರೆಗಳು ಮಾತಾಡಿದವು, ಮನುಷ್ಯರು ಮಾತಾಡಲಿಲ್ಲ. ತಟ್ಟೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು; ಇನ್ನಷ್ಟು ಬೇಕೇ ಎಂಬ ಪ್ರಶ್ನೆ ಬರುತ್ತಿರಲಿಲ್ಲ. ಹೊಲಿಗೆ ಯಂತ್ರದ ಸದ್ದು ಮಾತ್ರ ಹಿಂದೆಂದಿಗಿಂತ ಜೋರಾಯಿತು. ನಾಲ್ಕನೆಯ ದಿನ ಮಗಳು ತಂದೆಯನ್ನು ಬಸ್ ನಿಲ್ದಾಣದವರೆಗೆ ಹಿಂಬಾಲಿಸಿದಳು.

"ಅಪ್ಪ, ಒಂದು ಕೇಳ್ತೀನಿ. ಆ ತರಬೇತೀಲಿ ಹೆಂಡತಿಯರ ರಿಟೈರ್‌ಮೆಂಟಿಗೆ ಯಾವ ಸಿದ್ಧಾಂತ ಹೇಳಿದ್ರು?"

"ಆ ವಿಷಯ ಬರಲಿಲ್ಲ."

"ನೀವು ಕೇಳಲಿಲ್ವಾ?"

"ಹೊತ್ತಾಗಿತ್ತು. ಊಟಕ್ಕೆ ಬಿಟ್ರು."

ಮಗಳು ತನ್ನ ಬಸ್ಸು ಹತ್ತಿದಳು. ಅದು ಆರು ನಿಮಿಷ ತಡವಾಗಿತ್ತು. ಚಾರ್ಟ್ ಸಾಹೇಬರು ಅದನ್ನು ಗಮನಿಸಲಿಲ್ಲ ಎಂಬುದೇ ಅವರ ಮನಸ್ಸಿನ ಸ್ಥಿತಿಗೆ ಸಾಕ್ಷಿ.

ಹದಿನೆಂಟನೇ ತಾರೀಖು ಕೇಂದ್ರದವರು ಟೈಲರಮ್ಮನನ್ನು ಮಾದರಿ ಪಾಠಕ್ಕೆ ಕರೆದರು. ಅಂದು ಸಾಹೇಬರ ರಜೆ. ಬೆಳಿಗ್ಗೆ ಅತ್ತೆಯ ಕೆಲಸವನ್ನೆಲ್ಲ ಮುಗಿಸಿ, ಗಂಜಿ ಮಾಡಿಟ್ಟು, ಮಾತ್ರೆಗಳನ್ನು ಸಾಲಾಗಿ ಜೋಡಿಸಿ, ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಹತ್ತಕ್ಕೆ ಹೋಗಿ ನಾಲ್ಕಕ್ಕೆ ಬರ್ತೀನಿ," ಎಂದು ಫ್ರಿಜ್ಜಿಗೆ ಹೇಳಿದಳು. ಗಂಡ ಅದರ ಪಕ್ಕದಲ್ಲಿದ್ದರು.

ಹನ್ನೆರಡೂವರೆಗೆ ಸಾಹೇಬರು ಗಂಜಿ ಬಿಸಿ ಮಾಡಿ ಒಯ್ದರು. ಅಜ್ಜಿ ನಾಲ್ಕು ಚಮಚ ತಿಂದು ಬಟ್ಟಲು ಸರಿಸಿದರು. ಮಾತ್ರೆಯನ್ನು ನೀರಿಲ್ಲದೆ ನುಂಗಿದರು. ನೀರಿನ ಜಗ್ಗು ಬೆಳಿಗ್ಗೆ ತುಂಬಿಸಿಟ್ಟಂತೆಯೇ ಇತ್ತು.

"ನೀರು ಕುಡೀಮ್ಮ."

"ಬಾಯಾರಿಲ್ಲ."

"ಬೆಳಗಿಂದ ಕುಡಿದಿಲ್ಲ."

"ಲೆಕ್ಕ ಇಡ್ತಿದೀಯೇನೋ?"

ಅಜ್ಜಿ ನೀರು ಯಾಕೆ ಮುಟ್ಟುತ್ತಿಲ್ಲವೆಂದು ಸಾಹೇಬರಿಗೆ ಆಗ ಹೊಳೆಯಿತು. ಹೊರಗೆ ಬಂದು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡರು. ಒಂದೂವರೆ. ಎರಡು. ಒಳಗೆ ಮಂಚ ಕಿರುಗುಟ್ಟಿತು, ಸುಮ್ಮನಾಯಿತು, ಮತ್ತೆ ಕಿರುಗುಟ್ಟಿತು. ಎರಡೂಕಾಲು ಗಂಟೆಗೆ ವಾಕರಿನ ರಬ್ಬರು ನೆಲಕ್ಕೆ ಉಜ್ಜಿದ ಸದ್ದು. ಸಾಹೇಬರು ಎದ್ದು ನಿಂತರು.

"ಬರಬೇಡ!"

"ಬರಲ್ಲಮ್ಮ. ಇಲ್ಲೇ ಇದೀನಿ."

ಇನ್ನೊಂದು ಹೆಜ್ಜೆ. ವಾಕರ್ ಗೋಡೆಗೆ ಬಡಿಯಿತು. ಅಜ್ಜಿಯ ಉಸಿರು ಬಾಗಿಲಾಚೆಗೂ ಕೇಳುತ್ತಿತ್ತು.

"ಅಮ್ಮ, ಬೀಳ್ತೀಯ."

"ಬೀಳ್ತೀನಿ. ಬಿದ್ದು ಸತ್ರೆ ನಿನ್ನ ಹೆಂಡತಿ ನಿಶ್ಚಿಂತೆಯಾಗಿ ಕೆಲಸಕ್ಕೆ ಹೋಗ್ಲಿ."

ಸಾಹೇಬರು ಒಳಗೆ ಹೋದರು. ಆದರೆ ಹೋದದ್ದು ಹಿಮ್ಮುಖವಾಗಿ, ತಾಯಿಗೆ ಬೆನ್ನು ಮಾಡಿಕೊಂಡು, ಎದುರಿನ ಗೋಡೆಯನ್ನೇ ನೋಡುತ್ತಾ. ಬೆನ್ನು ವಾಕರಿಗೆ ತಾಗಿದಾಗ ನಿಂತರು.

"ನಾನು ತಿರುಗಲ್ಲ. ನನ್ನ ಹೆಗಲು ಹಿಡ್ಕೊ. ನಾನು ಮುಂದೆ ಹೋಗ್ತೀನಿ, ನೀನು ಹಿಂದೆ ಬಾ."

ವಾಕರ್ ಪಕ್ಕಕ್ಕೆ ಸರಿದ ಸದ್ದಾಯಿತು. ಆಮೇಲೆ ಎರಡು ಕೈ ಅವರ ಹೆಗಲ ಮೇಲೆ ಬಿದ್ದವು. ಉಗುರು ಅಂಗಿಯನ್ನು ದಾಟಿ ಚರ್ಮಕ್ಕೆ ಸಿಕ್ಕಿತು. ಹಾಗೆ ಬಚ್ಚಲಿಗೆ ಹೊರಟರು, ಗೇಣು ಗೇಣಾಗಿ.

"ಹೊಸಿಲು," ಎಂದರು ಸಾಹೇಬರು. "ಎಡಗಾಲು. ಬಾ... ಬಾ... ಬಾ... ಈಗ ಗೋಡೆ ಹಿಡಿಕೆ ಹಿಡ್ಕೊ. ಸಿಕ್ತಾ? ನಿಧಾನ ತಿರುಗು. ಹಿಂದೆ ಬಾ... ಬಾ... ಹೋಲ್ಡಾನ್!"

ಡಿಪೋದಲ್ಲಿ ಬಸ್ಸು ಹಿಂದಕ್ಕೆ ತೆಗೆಯುವಾಗ ಕಂಡಕ್ಟರು ಕೂಗುವ ರೀತಿ ಅದು. ಮುಖ ಗೋಡೆಯ ಕಡೆಗೇ ಇತ್ತು. ಹಿಂದಿನಿಂದ ದನಿ ಬಂತು: "ನನ್ನನ್ನೇನು ಡಬ್ಬಾ ಬಸ್ಸು ಅಂದ್ಕೊಂಡಿದೀಯ? ಹೊರಗೆ ಹೋಗು. ಕರೆದಾಗ ಬಾ."

ಹೋದರು. ಕರೆದಾಗ ಬಂದರು. ಬಂದದ್ದೂ ಹಿಮ್ಮುಖವಾಗಿಯೇ. ತಡವಾಗಿದ್ದರಿಂದ ಸೀರೆಯ ಅಂಚು ಒದ್ದೆಯಾಗಿತ್ತು. ಬೇರೆ ಸೀರೆಯನ್ನು ಸಾಹೇಬರು ಬೆನ್ನ ಹಿಂದಕ್ಕೆ ಚಾಚಿದರು, ಅಜ್ಜಿ ಮಂಚದ ಅಂಚಿಗೆ ಕೂತು ತಾವೇ ಸುತ್ತಿಕೊಂಡರು. ಕಾಲು ಗಂಟೆ ಹಿಡಿಯಿತು. ಮಂಚದ ಮೇಲೆ ಒರಗಿ ಒಂದು ಲೋಟ ನೀರು ಕೇಳಿದರು. ಅದನ್ನು ಪೂರ್ತಿ ಕುಡಿದರು.

"ಅವಳಿಗೆ ಹೇಳಬೇಡ," ಎಂದರು. "ನಾನೇ ಹೇಳ್ತೀನಿ. ನಾಳೆ. ನಾಡಿದ್ದು."

ನಾಲ್ಕು ಗಂಟೆಗೆ ಟೈಲರಮ್ಮ ಬಂದಳು. ಕೈಯಲ್ಲಿ ಚಾಕ್‌ಪುಡಿ, ಕಣ್ಣಲ್ಲಿ ಬಹಳ ದಿನದ ಮೇಲೆ ಬಂದ ಹೊಳಪು. ಹಗ್ಗದ ಮೇಲೆ ಅತ್ತೆಯ ಸೀರೆ ಒಣಗುತ್ತಿರುವುದನ್ನು ಕಂಡಳು. ಹೊಳಪು ಹೋಯಿತು.

"ಏನಾಯ್ತು?"

"ಏನಿಲ್ಲ," ಎಂದರು ಗಂಡ.

"ಅತ್ತೆ, ಏನಾಯ್ತು?"

"ಏನಾಗುತ್ತೆ? ಏನಿಲ್ಲ."

ಆಕೆ ಕೈ ತೊಳೆದು, ನೆಲ ಒರೆಸುವ ಬಟ್ಟೆ ಎತ್ತಿಕೊಂಡಳು. ನೆಲ ಆಗಲೇ ಒರೆಸಿತ್ತು, ಒರಟೊರಟಾಗಿ. ಅದನ್ನೂ ಮತ್ತೆ ಒರೆಸಿದಳು.

ಮರುದಿನ ಇಡೀ ಹೀಗೇ ಕಳೆಯಿತು. ಇಪ್ಪತ್ತರ ಬೆಳಿಗ್ಗೆ ಹಾಲು ತೆಗೆಯಲು ಹೋದ ಟೈಲರಮ್ಮ ಫ್ರಿಜ್ಜಿನ ಮುಂದೆ ನಿಂತುಬಿಟ್ಟಳು. ಚಾರ್ಟಿನಲ್ಲಿ ಆಕೆಯ ಹೆಸರಿನ ಮೇಲೆ ಕೆಂಪು ಪೆನ್ಸಿಲಿನ ಗೆರೆ. ಸ್ಕೇಲಿಟ್ಟು ಎಳೆದದ್ದು. ಹೆಸರು, ಅದರ ಮುಂದಿನ ಏಳು ದಿನದ ಏಳು ಸ್ಪೇರು, ಎಲ್ಲದರ ನೆತ್ತಿಯ ಮೇಲೂ ಹಾಯ್ದಿತ್ತು.

ಮಗಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ತಾಯಿಯ ಬೆನ್ನು ನೋಡಿ ಚಾಕು ಕೆಳಗಿಟ್ಟಳು.

"ಹೊಡೆದು ಹಾಕಿದಾರೆ," ಎಂದಳು ಟೈಲರಮ್ಮ. ದನಿ ಏರಲಿಲ್ಲ. "ನನ್ನ ಹೆಸರು. ಮೂವತ್ತೊಂದು ವರ್ಷ ಆಯ್ತು ಈ ಮನೆಗೆ ಬಂದು. ಚಿಂದಿಗೂ ಬೇಡವಾದೆ."

"ಅಮ್ಮ, ಅಪ್ಪನ್ನ ಕೇಳು ಮೊದಲು."

"ಕೇಳಲ್ಲ. ಕೇಳಿ ಕೇಳಿನೇ ಐವತ್ತನಾಲ್ಕಾಗಿದೆ."

ಫೋನು ಎತ್ತಿಕೊಂಡು ಹೊಲಿಗೆ ಕೋಣೆಗೆ ಹೋದಳು. ಬಾಗಿಲು ಹಾಕಿಕೊಳ್ಳುವಷ್ಟು ತಾಳ್ಮೆ ಇರಲಿಲ್ಲ. ಮಾತೆಲ್ಲ ಅಡುಗೆಮನೆಗೆ ಕೇಳಿತು. "ನಮಸ್ಕಾರ ಮೇಡಮ್... ಹೌದು, ನಾನೇ. ಬರ್ತೀನಿ. ಒಂದನೇ ತಾರೀಖು ಬಂದೇ ಬರ್ತೀನಿ. ಮನೇಲಿ ಏನೂ ತೊಂದರೆ ಇಲ್ಲ. ಮನೇಲಿ ನನ್ನ ಹೆಸರೇ ಇಲ್ಲ."

ಸ್ನಾನ ಮುಗಿಸಿ ಬಂದ ಚಾರ್ಟ್ ಸಾಹೇಬರು ಕೊನೆಯ ವಾಕ್ಯವನ್ನಷ್ಟೇ ಕೇಳಿಸಿಕೊಂಡರು. "ಏನಂತೆ?"

"ಅಪ್ಪ, ಅಮ್ಮನ ಹೆಸರು ಯಾಕೆ ಹೊಡೆದು ಹಾಕಿದ್ರಿ?" ಎಂದಳು ಮಗಳು.

"ಹೊಡೆದು ಹಾಕಿದ್ನಾ? ಯಾರು? ಅದು ಕೆಂಪು ಗೆರೆ!"

"ಕೆಂಪಾದ್ರೇನು, ಕಪ್ಪಾದ್ರೇನು?" ಟೈಲರಮ್ಮ ಬಾಗಿಲಲ್ಲಿ ನಿಂತಿದ್ದಳು. "ನಾನು ಬಟ್ಟೆ ಮೇಲೆ ಕೆಂಪು ಗೆರೆ ಹಾಕಿದ್ರೆ ಅಲ್ಲಿ ಕತ್ತರಿಸು ಅಂತ."

"ಡಿಪೋದಲ್ಲಿ ಹಾಗಲ್ಲ ಕಣೇ!" ಒದ್ದೆ ತಲೆಯಿಂದ ನೀರು ಕಣ್ಣಿಗಿಳಿಯುತ್ತಿತ್ತು. ಅವರು ಫ್ರಿಜ್ಜಿನ ಹತ್ತಿರ ಹೋಗಿ ಗೆರೆಯ ಮೇಲೆ ಬೆರಳಿಟ್ಟರು. "ಸ್ಪೇರ್‌ನವನಿಗೆ ರೂಟ್ ಸಿಕ್ಕಿ ಗಾಡಿ ಗೇಟ್ ದಾಟಿದ ಮೇಲೆ ಅವನ ಹೆಸರಿನ ಮೇಲೆ ಕೆಂಪು ಎಳೀತೀವಿ. ಅವನು ಹೋಗಿ ಆಯ್ತು, ಇನ್ನು ಬೇರೆ ಯಾವ ಕೆಲಸಕ್ಕೂ ಅವನನ್ನ ಯಾರೂ ಕರೆಯೋ ಹಾಗಿಲ್ಲ ಅಂತ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?"

"ಅಮ್ಮ ಹೇಳಬೇಡ ಅಂದಿದ್ರು."

"ಏನನ್ನ?"

ಉತ್ತರ ಒಳಕೋಣೆಯಿಂದ ಬಂತು. "ಏನೂ ಇಲ್ಲ ಕಣೇ ಹುಡುಗಿ. ಇವನು ನನ್ನನ್ನ ಬಚ್ಚಲಿಗೆ ಬಸ್ಸಿನ ಥರ ರಿವರ್ಸ್ ತಗೊಂಡು ಹೋದ. ಮುಖ ನೋಡಲಿಲ್ಲ, ಅದೊಂದು ಪುಣ್ಯ."

ಟೈಲರಮ್ಮ ಗಂಡನ ಮುಖ ನೋಡಿದಳು. ಅವರು ಟವೆಲಿನಿಂದ ಕಿವಿ ಒರೆಸಿಕೊಳ್ಳುವುದರಲ್ಲಿ ತೊಡಗಿದ್ದರು.

"ಇವತ್ತೇ ಕೊನೇ ದಿನ. ಫೋನು ಮಾಡಿಬಿಡು ಅವರಿಗೆ," ಎಂದರು.

"ಮಾಡಿ ಆಯ್ತು."

"ಏನಂದೆ?"

"ಬರ್ತೀನಿ ಅಂದೆ. ಕೋಪದಲ್ಲಿ."

"ಕೋಪದಲ್ಲಿ ಅಂದ್ರೂ ಬರ್ತೀನಿ ಅಂದಿದ್ದು ಬರ್ತೀನಿ ಅಂತಾನೇ."

"ಕೋಪ ಇನ್ನೂ ಇಳಿದಿಲ್ಲ, ತಿಳ್ಕೊಳ್ಳಿ. ಹೇಳಬೇಕಾದ್ದನ್ನ ಬರೆದು ಅಂಟಿಸೋ ಗಂಡನ ಜೊತೆ ಮುಂದಿನ ಇಪ್ಪತ್ತು ವರ್ಷ ಹೇಗೆ ಕಳೀಬೇಕೋ, ಅದಕ್ಕೆ ನಿಮ್ಮ ಆ ಹುಡುಗಿ ಹತ್ರ ನಾಲ್ಕನೇ ಸಿದ್ಧಾಂತ ಇದೆಯಾ ಕೇಳಿ."

"ನಂದೂ ಒಂದು ಷರತ್ತಿದೆ," ಎಂದು ಅಜ್ಜಿ ಕೂಗಿದರು. "ಬಚ್ಚಲಿಗೆ ದಿನಕ್ಕೆ ಒಂದೇ ಸಲ. ಇವನು ಒಂದೇ ಒಂದು ಸಲ ತಿರುಗಿ ನೋಡಿದ್ರೂ, ಕ್ಲಾಸು ನಡೀತಿರ್ಲಿ, ಏನಾದ್ರೂ ಆಗ್ಲಿ, ಇವಳನ್ನ ವಾಪಸ್ ಕರೆಸ್ತೀನಿ."

ಟೈಲರಮ್ಮ ಬಾಯಿ ತೆರೆದಳು. ಒಂದೇ ಸಲ ಸಾಲದು, ನೀರು ಕುಡಿಯಬೇಕು, ಡಾಕ್ಟರು ಹೇಳಿದ್ದಾರೆ ಎಂಬುದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅದನ್ನು ಹೇಳಬೇಕಾದವರು ಇನ್ನು ಮೇಲೆ ಬೇರೆಯವರು ಎಂಬಂತೆ ಗಂಡನತ್ತ ನೋಡಿದಳು. ಸಾಹೇಬರು ಸ್ವಲ್ಪ ತಡವಾಗಿ, "ಎರಡು ಸಲ ಅಮ್ಮ," ಎಂದರು. ಒಳಗಿನಿಂದ ಉತ್ತರ ಬರಲಿಲ್ಲ. ಅದು ಒಪ್ಪಿಗೆಯೋ ಅಲ್ಲವೋ ಮುಂದಿನ ಹತ್ತು ದಿನವೂ ಗೊತ್ತಾಗಲಿಲ್ಲ.

ತಿಂಗಳ ಕೊನೆಯ ದಿನ ಡಿಪೋದವರು ಚಾರ್ಟ್ ಸಾಹೇಬರಿಗೆ ಒಂದು ಗಡಿಯಾರ ಕೊಟ್ಟು ಕಳುಹಿಸಿದರು. ಒಂದನೇ ತಾರೀಖು ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಟೈಲರಮ್ಮ ಕೆಲಸಕ್ಕೆ ಹೋದಳು. ಅವರು ಮನೆಯಲ್ಲಿ ಉಳಿದರು.